ಮೈಯ ಸಿಗ್ನಲ್‌ಗೆ ಯಾವ ಫಿಲ್ಟರ್? ಕಡಿಮೆ ಕರೆಂಟಿನ ಸರ್ಕ್ಯೂಟ್‌ಗಳ ಹೋಲಿಕೆ

"ಅಕ್ಕಾ, ಇಸಿಜಿ ಪ್ರಾಜೆಕ್ಟ್‌ಗೆ ಯಾವ ಫಿಲ್ಟರ್ ಹಾಕೋಣ? ಸ್ಯಾಲೆನ್-ಕೀ ಸಾಕಾ, ಜಿಎಂ-ಸಿ ಬೇಕಾ?" ಮುಂಬೈಯಲ್ಲಿ ಎಂಜಿನಿಯರಿಂಗ್ ಓದುವ ನಮ್ಮ ಕನ್ನಡದ ಮಕ್ಕಳು ಕೊನೆಯ ವರ್ಷಕ್ಕೆ ಬಂದಾಗ ಹೀಗೆ ಕೇಳುತ್ತಾರೆ. ಇಸಿಜಿ ಅಂದರೆ ಹೃದಯದ ವಿದ್ಯುತ್ ಸಿಗ್ನಲ್. ಫಿಲ್ಟರ್ ಅಂದರೆ ಬೇಕಾದ ಫ್ರೀಕ್ವೆನ್ಸಿಗಳನ್ನು ಉಳಿಸಿಕೊಂಡು ಬೇಡದ್ದನ್ನು ತಗ್ಗಿಸುವ ಸರ್ಕ್ಯೂಟ್. ಸ್ಯಾಲೆನ್-ಕೀ ಅದನ್ನು ಬೋರ್ಡಿನ ಮೇಲೆ ಕಟ್ಟುವ ಒಂದು ಬಗೆ, ಜಿಎಂ-ಸಿ ಚಿಪ್ಪಿನ ಒಳಗೆ ಕಟ್ಟುವ ಬಗೆ. ಡೊಂಬಿವಲಿ, ಮುಲುಂಡ್‌ನಲ್ಲಿ ಬೆಳೆದವರೂ ಕೇಳುತ್ತಾರೆ, ಹುಬ್ಬಳ್ಳಿ, ಬೆಳಗಾವಿಯಿಂದ ಬಂದು ಹಾಸ್ಟೆಲ್‌ನಲ್ಲಿ ಇರುವವರೂ ಕೇಳುತ್ತಾರೆ. ಸರ್ಕ್ಯೂಟ್‌ನ ಹೆಸರು ಹಿಡಿದು ಹೊರಟರೆ ಮಾತ್ರ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಮೊದಲು ಎರಡು ವಿಷಯ ಇತ್ಯರ್ಥ ಆಗಬೇಕು. ಆ ಸಿಗ್ನಲ್ ನೋಡಿ ಯಾರು ಏನು ಮಾಡುತ್ತಾರೆ? ನಿಮ್ಮ ಕೆಪಾಸಿಟರ್ ಬೋರ್ಡಿನ ಮೇಲೆ ಕೂರುತ್ತದಾ, ಚಿಪ್ಪಿನ ಒಳಗಾ? ಇವೆರಡು ಗೊತ್ತಾದರೆ ಮುಕ್ಕಾಲು ಆಯ್ಕೆ ತಾನಾಗಿ ಆಗಿಬಿಡುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಅನಲಾಗ್ ಫಿಲ್ಟರ್ ಹಾಕಿ. ಒಂದು ಆಪ್‌ಆಂಪ್ (ಸಿಗ್ನಲ್ ಹಿಗ್ಗಿಸುವ ಚಿಪ್) ಹಂತವನ್ನು ಕೈಬಿಟ್ಟರೆ ಉಳಿಯುವ ಕರೆಂಟ್, ಎಂಥ ಜಾಣ ಸರ್ಕ್ಯೂಟ್‌ನಿಂದಲೂ ಉಳಿಯುವುದಿಲ್ಲ.

ಯಾವ ಸಿಗ್ನಲ್, ಯಾತಕ್ಕೆ

ಇಸಿಜಿ ಹೆಚ್ಚುಕಡಿಮೆ 1 ಮಿಲಿವೋಲ್ಟ್. ಡಾಕ್ಟರ್ ಓದಿ ರೋಗ ಹೇಳಬೇಕಾದರೆ 0.05ರಿಂದ 150 ಹರ್ಟ್ಸ್‌ವರೆಗೆ ಬೇಕು. ಬರೀ ಹೃದಯದ ಬಡಿತ ಎಣಿಸಲು, ಲಯ ನೋಡಲು 0.5ರಿಂದ 40 ಹರ್ಟ್ಸ್ ಸಾಕು. ಮೆದುಳಿನ ಇಇಜಿ ಇನ್ನೂ ಬಡಪಾಯಿ, 10ರಿಂದ 100 ಮೈಕ್ರೋವೋಲ್ಟ್ ಮಾತ್ರ, 0.5ರಿಂದ 100 ಹರ್ಟ್ಸ್. ಸ್ನಾಯುಗಳ ಇಎಂಜಿ 20ರಿಂದ 500 ಹರ್ಟ್ಸ್. ಬೆರಳಿಗೆ ಬೆಳಕು ಹಾಯಿಸಿ ನಾಡಿ ನೋಡುವ ಪಿಪಿಜಿಗೆ 0.5ರಿಂದ 10 ಹರ್ಟ್ಸ್‌ನಲ್ಲಿ ಕೆಲಸ ಮುಗಿಯುತ್ತದೆ.

ಇಲ್ಲಿ 0.05 ಮತ್ತು 0.5ರ ನಡುವಿನ ವ್ಯತ್ಯಾಸವನ್ನು ಸುಮ್ನೆ ಬಿಡಬೇಡಿ. ಪ್ರತಿ ಬಡಿತದ ಚೂಪು ಅಲೆಯ ನಂತರ ಬರುವ ಇಸಿಜಿಯ ಎಸ್‌ಟಿ ಭಾಗ ನಿಧಾನವಾದದ್ದು, ಚಪ್ಪಟೆಯಾದದ್ದು. 0.5 ಹರ್ಟ್ಸ್‌ನ ಅನಲಾಗ್ ಹೈ ಪಾಸ್ (ಕಟ್‌ಆಫ್ ಎಂಬ ಗಡಿಗಿಂತ ಕೆಳಗಿನ ಫ್ರೀಕ್ವೆನ್ಸಿ ತಗ್ಗಿಸುವ ಫಿಲ್ಟರ್) ಅದರ ಫೇಸ್, ಅಂದರೆ ಅಲೆಗಳ ಸಮಯದ ಹೊಂದಾಣಿಕೆ, ತಿರುಗಿಸಿ ಎಸ್‌ಟಿಯನ್ನು ಮೇಲೆ ಕೆಳಗೆ ಎಳೆಯುತ್ತದೆ. ಹೃದಯಾಘಾತದ ಗುರುತನ್ನು ಡಾಕ್ಟರ್ ಹುಡುಕುವುದು ಅಲ್ಲೇ. ಹಾಗಾಗಿ ರೋಗ ಪತ್ತೆಗೆ ಎಂದು ಹೇಳಿಕೊಳ್ಳುವ ಸಾಧನದಲ್ಲಿ ಅನಲಾಗ್ ಕಟ್‌ಆಫ್ 0.05 ಇರಲಿ. ಬೇಸ್‌ಲೈನ್ ಅಲೆದಾಡಿದರೆ ಅದನ್ನು ಆಮೇಲೆ ಸಾಫ್ಟ್‌ವೇರ್‌ನಲ್ಲಿ, ಫೇಸ್ ಕೆಡಿಸದ ಫಿಲ್ಟರ್‌ನಿಂದ ತೆಗೆಯಿರಿ.

0.05ಕ್ಕೂ ಒಂದು ಬೆಲೆ ಇದೆ. ಅದರ ಟೈಮ್ ಕಾನ್‌ಸ್ಟಂಟ್, ಅಂದರೆ ನೆಲೆಗೆ ಮರಳುವ ವೇಗದ ಅಳತೆ, 3.2 ಸೆಕೆಂಡ್. ಎಲೆಕ್ಟ್ರೋಡ್ ಒಮ್ಮೆ ಅಲುಗಿ ಆಂಪ್ಲಿಫೈಯರ್ ಮೇಲಕ್ಕೆ ಹೋಗಿ ಅಂಟಿಕೊಂಡರೆ, ಗೆರೆ ಮತ್ತೆ ನೆಲೆಗೆ ಬರಲು ಹದಿನೈದು ಸೆಕೆಂಡ್ ಮೇಲೆ ಹಿಡಿಯುತ್ತದೆ. ಲೋಕಲ್ ಟ್ರೈನ್‌ನಲ್ಲಿ ನೂಕುನುಗ್ಗಲಿನ ಮಧ್ಯೆ ಹಾಕಿಕೊಳ್ಳುವ ಪ್ಯಾಚ್‌ಗೆ ಇದು ಆಗದ ಮಾತು. ಲಯ ನೋಡುವ ಪ್ಯಾಚ್ ಆದರೆ 0.5 ಆರಿಸಿ. 0.05 ಬೇಕೇ ಬೇಕು ಅಂದರೆ, ಅಂಟಿಕೊಂಡಾಗ ರೆಸಿಸ್ಟರನ್ನು ಕ್ಷಣ ಹೊತ್ತು ಶಾರ್ಟ್ ಮಾಡುವ ಒಂದು ಸ್ವಿಚ್ ಇಡಿ. ಎಡಿ8232 ಥರದ ರೆಡಿ ಇಸಿಜಿ ಚಿಪ್‌ನಲ್ಲಿ ಈ ಸೌಲಭ್ಯ ಒಳಗೇ ಬರುತ್ತದೆ.

ಅಂದ ಹಾಗೆ, ಟ್ರೈನ್‌ನಲ್ಲಿ ಹಿಡಿಕೆ ಹಿಡಿದು ನಿಂತಾಗ ತೋಳಿನ ಸ್ನಾಯುಗಳ ಸಿಗ್ನಲ್ ಇಸಿಜಿ ಜೊತೆ ಬೆರೆಯುತ್ತದೆ. ಎರಡರ ಫ್ರೀಕ್ವೆನ್ಸಿ ಒಂದರ ಮೇಲೊಂದು ಬರುವುದರಿಂದ ಯಾವ ಫಿಲ್ಟರೂ ಅದನ್ನು ಪೂರ್ತಿ ಬೇರೆ ಮಾಡಲಾರದು. ಎಲೆಕ್ಟ್ರೋಡ್‌ಗಳನ್ನು ಕೈಯಿಂದ ಎದೆಗೆ ಸರಿಸುವುದೇ ಅದಕ್ಕೆ ಮದ್ದು.

ಡಿಸಿ ತೆಗೆಯಲು ಮೂರು ದಾರಿ

ಎಲೆಕ್ಟ್ರೋಡ್ ಮತ್ತು ಚರ್ಮ ಸೇರುವಲ್ಲಿ ಒಂದು ಡಿಸಿ ವೋಲ್ಟೇಜ್ ಹುಟ್ಟುತ್ತದೆ. ±300 ಮಿಲಿವೋಲ್ಟ್‌ವರೆಗೆ ತಡೆದುಕೊಳ್ಳುವಂತೆ ಡಿಸೈನ್ ಮಾಡುವುದು ರೂಢಿ. ಅಂದರೆ ನಿಮಗೆ ಬೇಕಾದ ಸಿಗ್ನಲ್‌ಗಿಂತ ಮುನ್ನೂರು ಪಟ್ಟು ದೊಡ್ಡ ಕಸ. ಹೈ ಪಾಸ್ ಆರಿಸುವುದು ಅಂದರೆ ಈ ಕಸವನ್ನು ಎಲ್ಲಿ ಎಸೆಯಬೇಕು ಎಂದು ಆರಿಸುವುದು.

ಮೊದಲನೇ ದಾರಿ, ಇನ್‌ಪುಟ್‌ನಲ್ಲೇ ಎರಡು ಕೆಪಾಸಿಟರ್ ಹಾಕುವುದು. ಆಮೇಲೆ ಎಷ್ಟು ಬೇಕಾದರೂ ಗೇನ್ (ಸಿಗ್ನಲ್ ಹಿಗ್ಗಿಸುವ ಪಟ್ಟು) ಕೊಡಬಹುದು, ಕರೆಂಟೂ ಬೇಡ. ಆದರೆ ಎರಡು ಕಡೆಯ ಆರ್‌ಸಿ (ರೆಸಿಸ್ಟರ್-ಕೆಪಾಸಿಟರ್ ಜೋಡಿ) ಒಂದೇ ಥರ ಇರಬೇಕು. 0.5 ಹರ್ಟ್ಸ್ ಕಟ್‌ಆಫ್ ಇಟ್ಟು, ಎರಡರ ಮಧ್ಯೆ 10 ಪರ್ಸೆಂಟ್ ವ್ಯತ್ಯಾಸ ಬಂತು ಅನ್ನಿ. ಮನೆ ಕರೆಂಟಿನ 50 ಹರ್ಟ್ಸ್‌ನಲ್ಲಿ ನಿಮ್ಮ ಸಿಎಂಆರ್‌ಆರ್ (ಎರಡು ಎಲೆಕ್ಟ್ರೋಡ್‌ಗೂ ಒಂದೇ ಥರ ಬರುವ ಕಸವನ್ನು ತಡೆಯುವ ಶಕ್ತಿ) ಸುಮಾರು 60 ಡಿಬಿಗೆ ಇಳಿಯುತ್ತದೆ. 100 ಡಿಬಿ ಕೊಡುವ ಒಳ್ಳೆಯ ಇನ್‌ಸ್ಟ್ರುಮೆಂಟೇಶನ್ ಆಂಪ್ ಕೊಂಡದ್ದು ನೀರಲ್ಲಿ ಹೋಮ. ಕಟ್‌ಆಫ್ ಅನ್ನು 0.05ಕ್ಕೆ ಇಳಿಸಿದರೆ ಅದೇ ವ್ಯತ್ಯಾಸಕ್ಕೆ 80 ಡಿಬಿ ಸಿಗುತ್ತದೆ. ಹಾಗಾಗಿ ಈ ದಾರಿ ಹಿಡಿದರೆ ಕೆಪಾಸಿಟರ್‌ಗಳನ್ನು ಅಳೆದು ಜೋಡಿ ಮಾಡಿಕೊಳ್ಳಿ.

ಎರಡನೇ ದಾರಿ ಸರ್ವೋ. ಔಟ್‌ಪುಟ್ ಅನ್ನು ಒಂದು ಇಂಟಿಗ್ರೇಟರ್‌ಗೆ (ನಿಧಾನದ ಏರಿಳಿತವನ್ನು ಕೂಡಿಡುವ ಸರ್ಕ್ಯೂಟ್) ಕೊಟ್ಟು, ಅದರ ಉತ್ತರವನ್ನು ಆಂಪಿನ ರೆಫರೆನ್ಸ್ ಪಿನ್‌ಗೆ ತಿರುಗಿಸುತ್ತೀರಿ. ಇನ್‌ಪುಟ್ ಮುಟ್ಟುವುದಿಲ್ಲ, ಸಿಎಂಆರ್‌ಆರ್ ಹಾಗೇ ಉಳಿಯುತ್ತದೆ. ಆದರೆ ಮೊದಲ ಹಂತ 300 ಮಿಲಿವೋಲ್ಟ್ ಅನ್ನೂ ಹೊತ್ತುಕೊಂಡೇ ಗೇನ್ ಕೊಡಬೇಕಾಗುತ್ತದೆ. 3 ವೋಲ್ಟ್ ಸೆಲ್ ಇದ್ದರೆ ಗೇನ್ 4 ದಾಟಿಸುವುದು ಕಷ್ಟ, 5ಕ್ಕೆ ಹೋದರೆ ಆ ಡಿಸಿಯೇ 1.5 ವೋಲ್ಟ್ ಆಗಿ ಅಂಚು ಮುಟ್ಟುತ್ತದೆ. ಉಳಿದ ಗೇನ್ ಎರಡನೇ ಹಂತಕ್ಕೆ. ಒಂದು ಆಪ್‌ಆಂಪ್ ಜಾಸ್ತಿ, ಆದರೂ ಬೋರ್ಡಿನ ಮೇಲೆ ಕಟ್ಟುವವರಿಗೆ ನಾನು ಹೇಳುವುದು ಇದನ್ನೇ.

ಮೂರನೇ ದಾರಿ, ಡಿಸಿ ತೆಗೆಯದೇ ಇರುವುದು. 24 ಬಿಟ್ ಸಿಗ್ಮಾ-ಡೆಲ್ಟಾ ಎಡಿಸಿಗೆ (ಸಿಗ್ನಲನ್ನು ಅಂಕಿಗಳಾಗಿಸುವ ಚಿಪ್) ಎಲ್ಲವನ್ನೂ ಹಾಗೇ ಕೊಟ್ಟುಬಿಡಿ. 16 ಬಿಟ್‌ನಲ್ಲಿ 600 ಮಿಲಿವೋಲ್ಟ್ ಹರವು ಹಂಚಿದರೆ ಒಂದು ಮೆಟ್ಟಿಲು 9 ಮೈಕ್ರೋವೋಲ್ಟ್, ಇಸಿಜಿಗೆ ಒರಟಾಯಿತು. 24 ಬಿಟ್‌ನಲ್ಲಿ ಮೆಟ್ಟಿಲಿನ ಚಿಂತೆಯೇ ಇಲ್ಲ, ನಾಯ್ಸ್ ಒಂದೇ ಮಿತಿ. ಎಡಿಎಸ್1292 ಈ ಜಾತಿಯದು, ಒಂದು ಚಾನೆಲ್‌ಗೆ 335 ಮೈಕ್ರೋವಾಟ್. ಹೊರಗೆ ಬೇಕಾದ ಅನಲಾಗ್ ಫಿಲ್ಟರ್ ಒಂದು ಸಣ್ಣ ಆರ್‌ಸಿ ಅಷ್ಟೇ. ಇಸಿಜಿ ಬೇಕು, ಸರ್ಕ್ಯೂಟ್ ಕಲಿಯುವ ಉದ್ದೇಶ ಇಲ್ಲ ಅನ್ನುವ ತಂಡಕ್ಕೆ ಇದಕ್ಕಿಂತ ನೆಮ್ಮದಿಯ ದಾರಿ ಇಲ್ಲ.

ದೊಡ್ಡ ರೆಸಿಸ್ಟರ್ ಅಂದರೆ ಭಯ ಯಾಕೆ

0.05 ಹರ್ಟ್ಸ್‌ಗೆ 1 ಮೈಕ್ರೋಫ್ಯಾರಡ್ ಜೊತೆ 3.3 ಮೆಗಾಓಮ್ ಬೇಕು. ಅಷ್ಟು ದೊಡ್ಡ ರೆಸಿಸ್ಟರ್ ನಾಯ್ಸ್ ಮಾಡುತ್ತದೆ ಎಂದು ಮಕ್ಕಳು ಹೆದರುತ್ತಾರೆ. ಮೇಲಿನ ಫ್ರೀಕ್ವೆನ್ಸಿ ತಗ್ಗಿಸುವ ಲೋ ಪಾಸ್‌ನಲ್ಲಿ ಆ ಭಯ ಸರಿ: 1 ಮೆಗಾಓಮ್‌ನ ನಾಯ್ಸ್ ಪ್ರತಿ ರೂಟ್ ಹರ್ಟ್ಸ್‌ಗೆ ಸುಮಾರು 130 ನ್ಯಾನೋವೋಲ್ಟ್, ಅದು ನೇರ ಸಿಗ್ನಲ್‌ಗೆ ಸೇರುತ್ತದೆ. ಹೈ ಪಾಸ್‌ನಲ್ಲಿ ಕತೆ ಬೇರೆ. ಅಲ್ಲಿ ರೆಸಿಸ್ಟರ್‌ನ ನಾಯ್ಸ್‌ಗೆ ಅದೇ ಕೆಪಾಸಿಟರ್ ಲೋ ಪಾಸ್ ಆಗಿ ನಿಲ್ಲುತ್ತದೆ. 0.05 ಹರ್ಟ್ಸ್ ದಾಟಿದ ನಾಯ್ಸ್ ಎಲ್ಲ ಕೆಪಾಸಿಟರ್ ಮೂಲಕ ಸಿಗ್ನಲ್‌ನ ಮೂಲದ ಕಡೆಗೆ ಇಳಿದುಹೋಗುತ್ತದೆ. ಒಟ್ಟು ಲೆಕ್ಕ ಹಾಕಿದರೆ 1 ಮೈಕ್ರೋಫ್ಯಾರಡ್‌ಗೆ ಬರೀ 64 ನ್ಯಾನೋವೋಲ್ಟ್. ಹಾಗಾಗಿ ಹೈ ಪಾಸ್‌ನಲ್ಲಿ ರೆಸಿಸ್ಟರ್ ದೊಡ್ಡದಾದಷ್ಟೂ ಬೇಕಾದ ಬ್ಯಾಂಡ್ ಶುಭ್ರ.

ನಿಜವಾದ ತೊಂದರೆ ಸೋರಿಕೆ. ಮುಂಬೈಯಲ್ಲಿ ಕೆಲಸ ಮಾಡುವವರು ಇದನ್ನು ಜೂನ್ ಬರುವ ಮುಂಚೆಯೇ ಯೋಚಿಸಬೇಕು. ಮಳೆಗಾಲದಲ್ಲಿ ಗಾಳಿಯೆಲ್ಲ ನೀರು. ಬೋರ್ಡಿನ ಮೇಲೆ ಬೆಸುಗೆಯ ಫ್ಲಕ್ಸ್ ಉಳಿದಿದ್ದರೆ ಅದು ತೇವ ಹೀರಿಕೊಂಡು, ಪಕ್ಕದ ಸಪ್ಲೈ ಗೆರೆಯಿಂದ ನಿಮ್ಮ 3.3 ಮೆಗಾಓಮ್ ನೋಡ್‌ಗೆ (ಬಿಡಿಭಾಗಗಳು ಸೇರುವ ಬಿಂದು) ಸೇತುವೆ ಕಟ್ಟುತ್ತದೆ. ಆ ಸೇತುವೆ 100 ಮೆಗಾಓಮ್ ಇದ್ದರೂ, 1.5 ವೋಲ್ಟ್ ವ್ಯತ್ಯಾಸಕ್ಕೆ 15 ನ್ಯಾನೋಆಂಪ್ ಹರಿದು ಹತ್ತಿರ ಹತ್ತಿರ 50 ಮಿಲಿವೋಲ್ಟ್ ಆಫ್‌ಸೆಟ್ ಬರುತ್ತದೆ. ಮುಂದೆ 20 ಪಟ್ಟು ಗೇನ್ ಇದ್ದರೆ ಅದು 1 ವೋಲ್ಟ್. ಮೇ ತಿಂಗಳಲ್ಲಿ ಚೆನ್ನಾಗಿದ್ದ ಬೋರ್ಡ್ ಜುಲೈನಲ್ಲಿ ಗೋಡೆಗೆ ಅಂಟಿದ ಗೆರೆ ತೋರಿಸಿದರೆ ಮೊದಲು ಇಲ್ಲೇ ನೋಡಿ. ಐಪಿಎ (ಐಸೋಪ್ರೊಪೈಲ್ ಆಲ್ಕೋಹಾಲ್) ಹಾಕಿ ಹಳೆಯ ಹಲ್ಲುಜ್ಜುವ ಬ್ರಶ್‌ನಿಂದ ಚೆನ್ನಾಗಿ ಉಜ್ಜಿ, ಒಣಗಿಸಿ, ಕೋಟಿಂಗ್ ಹೊಡೆಯಿರಿ. ಆ ನೋಡ್ ಸುತ್ತ ಅದೇ ವೋಲ್ಟೇಜಿನ ಗಾರ್ಡ್ ರಿಂಗ್ (ತಾಮ್ರದ ಗೆರೆಯ ಬಳೆ) ಹಾಯಿಸಿದರೆ ಇನ್ನೂ ಭದ್ರ.

ಕೆಪಾಸಿಟರ್ ಜಾತಿಯೂ ಮುಖ್ಯ. ಮುಂಬೈಯ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿನಲ್ಲಿ "105 ಕೊಡಿ" (1 ಮೈಕ್ರೋಫ್ಯಾರಡ್‌ನ ಗುರುತು) ಅಂದರೆ ಸಿರಾಮಿಕ್ ಕೈಗೆ ಬರುವ ಸಾಧ್ಯತೆಯೇ ಜಾಸ್ತಿ. 1 ಮೈಕ್ರೋಫ್ಯಾರಡ್ ಸಿರಾಮಿಕ್ ಸಾಮಾನ್ಯವಾಗಿ ಎಕ್ಸ್7ಆರ್ ಜಾತಿಯದು, ಅದು ಪೀಜೊ ಗುಣ ಇರುವ, ಅಂದರೆ ಅದುಮಿದರೆ ವೋಲ್ಟೇಜ್ ಹುಟ್ಟಿಸುವ ವಸ್ತು. ಸರ್ಕ್ಯೂಟ್ ಆನ್ ಇಟ್ಟು ಪೆನ್ಸಿಲ್ ತುದಿಯಿಂದ ಅದನ್ನು ಮೆಲ್ಲಗೆ ತಟ್ಟಿ ನೋಡಿ, ಪರದೆ ಮೇಲೆ ಗೆರೆ ಜಿಗಿಯುತ್ತದೆ. ನಡೆಯುವಾಗ ಪ್ರತಿ ಹೆಜ್ಜೆಗೂ ಹಾಗೇ ಆಗುತ್ತದೆ, ಮತ್ತು ಹೆಜ್ಜೆಯ ವೇಗ ನಾಡಿಯ ವೇಗಕ್ಕೆ ತೀರಾ ಹತ್ತಿರ. ಬಾಕ್ಸ್ ಟೈಪ್ ಫಿಲಂ ಕೆಪಾಸಿಟರ್ ಕೇಳಿ ತಗೊಳ್ಳಿ. ದೊಡ್ಡದು, ಪರವಾಗಿಲ್ಲ. ನ್ಯಾನೋಫ್ಯಾರಡ್ ಮಟ್ಟದಲ್ಲಿ ಸಿ0ಜಿ ಸಿರಾಮಿಕ್ ಸಿಕ್ಕರೆ ಅದಕ್ಕೆ ಈ ರೋಗ ಇಲ್ಲ. ಎಲೆಕ್ಟ್ರೋಲಿಟಿಕ್ ಸೋರುತ್ತದೆ, ಬೇಡ.

ಲೋ ಪಾಸ್: ಆರ್‌ಸಿ, ಸ್ಯಾಲೆನ್-ಕೀ, ಎಂಎಫ್‌ಬಿ

ಬೋರ್ಡಿನ ಮೇಲೆ ಲೋ ಪಾಸ್‌ಗೆ ಇರುವ ಮುಖ್ಯ ಕೆಲಸ ಎಡಿಸಿಯ ಏಲಿಯಾಸಿಂಗ್, ಅಂದರೆ ಮೇಲಿನ ಫ್ರೀಕ್ವೆನ್ಸಿಯ ಕಸ ಸ್ಯಾಂಪಲ್ ಆದಾಗ ಕೆಳಗಿನದರ ವೇಷದಲ್ಲಿ ಬರುವುದನ್ನು ತಡೆಯುವುದು. 150 ಹರ್ಟ್ಸ್ ಕಟ್‌ಆಫ್, ಸೆಕೆಂಡಿಗೆ 1000 ಸ್ಯಾಂಪಲ್ ಅಂತ ಇಟ್ಟುಕೊಳ್ಳಿ. 850 ಹರ್ಟ್ಸ್‌ನ ಕಸ 150ರ ಮೇಲೆ ಬಂದು ಕೂರುತ್ತದೆ. ಒಂದೇ ಆರ್‌ಸಿ ಅದನ್ನು ಬರೀ 15 ಡಿಬಿ ತಗ್ಗಿಸುತ್ತದೆ, ಎರಡನೇ ಆರ್ಡರ್ ಸ್ಯಾಲೆನ್-ಕೀ 30 ಡಿಬಿ. ಬಡಿತ ಎಣಿಸುವ 40 ಹರ್ಟ್ಸ್ ಸಾಧನಕ್ಕೆ ಒಂದು ಆರ್‌ಸಿ, ಸ್ವಲ್ಪ ವೇಗದ ಸ್ಯಾಂಪ್ಲಿಂಗ್ ಸಾಕು.

ಸ್ಯಾಲೆನ್-ಕೀ 1955ರದು, ಎಂಐಟಿಯ ಲಿಂಕನ್ ಲ್ಯಾಬಿನಲ್ಲಿ ಹುಟ್ಟಿದ್ದು. ಯೂನಿಟಿ ಗೇನ್‌ನಲ್ಲಿ ಎರಡು 68 ಕಿಲೋಓಮ್, 22 ಮತ್ತು 10 ನ್ಯಾನೋಫ್ಯಾರಡ್ ಹಾಕಿದರೆ ಕಟ್‌ಆಫ್ 158 ಹರ್ಟ್ಸ್, ಕ್ಯೂ (ಫಿಲ್ಟರ್‌ನ ಚೂಪಿನ ಅಳತೆ) 0.74. ಎಲ್ಲವೂ ಅಂಗಡಿಯಲ್ಲಿ ಸಲೀಸಾಗಿ ಸಿಗುವ ಅಳತೆಗಳು, ಬೇಕಾದ ಬ್ಯಾಂಡನ್ನು ಆದಷ್ಟು ಸಮತಟ್ಟಾಗಿ ಇಡುವ ಬಟರ್‌ವರ್ತ್ ಫಿಲ್ಟರ್‌ಗೆ ತುಂಬ ಹತ್ತಿರ.

ಆದರೆ ಆಪ್‌ಆಂಪ್ ನ್ಯಾನೋಪವರ್ ಆದಾಗ ಲೆಕ್ಕ ಬಿಗಿಯಾಗುತ್ತದೆ. ಎಂಸಿಪಿ6041 ಕುಡಿಯುವುದು 600 ನ್ಯಾನೋಆಂಪ್ ಮಾತ್ರ, ಅದರ ಗೇನ್-ಬ್ಯಾಂಡ್‌ವಿಡ್ತ್ (ವೇಗದ ಮಿತಿ) 14 ಕಿಲೋಹರ್ಟ್ಸ್. ಕಟ್‌ಆಫ್‌ನ ನೂರು ಪಟ್ಟು ಇರಲಿ ಎಂಬುದು ನಾವು ಪಾಲಿಸುವ ಲೆಕ್ಕ. 40 ಹರ್ಟ್ಸ್‌ಗೆ ಆರಾಮ, 150ಕ್ಕೆ ಅಂಚಿನಲ್ಲಿ ನಿಂತ ಹಾಗೆ. ಅದರ ನಾಯ್ಸ್ ಪ್ರತಿ ರೂಟ್ ಹರ್ಟ್ಸ್‌ಗೆ 170 ನ್ಯಾನೋವೋಲ್ಟ್, ಅಂದರೆ 150 ಹರ್ಟ್ಸ್‌ಗೆ ಕನಿಷ್ಠ 2 ಮೈಕ್ರೋವೋಲ್ಟ್. ಗೇನ್ ಕೊಟ್ಟ ಮೇಲೆ ಇದನ್ನು ಹಾಕಿದರೆ ಏನೂ ಅನಿಸುವುದಿಲ್ಲ. ಇಇಜಿಯ ಮೊದಲ ಹಂತಕ್ಕೆ ಹಾಕಿದರೆ ಸಿಗ್ನಲ್‌ಗೇ ಕುತ್ತು. ನಾಯ್ಸ್ ಅರ್ಧ ಆಗಬೇಕಾದರೆ ಕರೆಂಟ್ ನಾಲ್ಕು ಪಟ್ಟು ಬೇಕು, ಇದರಿಂದ ಯಾರಿಗೂ ಬಿಡುಗಡೆ ಇಲ್ಲ. ಕರೆಂಟನ್ನು ಮೊದಲ ಹಂತಕ್ಕೆ ಧಾರಾಳವಾಗಿ ಕೊಡಿ, ಆಮೇಲಿನ ಹಂತಗಳಲ್ಲಿ ಕೈ ಬಿಗಿ ಹಿಡಿಯಿರಿ.

ಸ್ಯಾಲೆನ್-ಕೀಗೆ ಇನ್ನೊಂದು ದೌರ್ಬಲ್ಯ. ಆಪ್‌ಆಂಪ್‌ನ ಶಕ್ತಿ ಮುಗಿದ ಮೇಲಿನ ಫ್ರೀಕ್ವೆನ್ಸಿಯಲ್ಲಿ ಕಸ ಮೊದಲ ಕೆಪಾಸಿಟರ್ ಮೂಲಕ ನೇರ ಔಟ್‌ಪುಟ್‌ಗೆ ನುಸುಳುತ್ತದೆ. ಮೈಕ್ರೋಪವರ್ ಭಾಗಗಳಲ್ಲಿ ಇದು ಬೇಗ ಶುರು. ಎಂಎಫ್‌ಬಿ (ಮಲ್ಟಿಪಲ್ ಫೀಡ್‌ಬ್ಯಾಕ್) ಎಂಬ ಇನ್ನೊಂದು ಬಗೆಯಲ್ಲಿ ಈ ಕಾಟ ಕಡಿಮೆ, ಆದರೆ ಅದು ಅದೇ ಕೆಲಸಕ್ಕೆ ಆಪ್‌ಆಂಪ್‌ನಿಂದ ಜಾಸ್ತಿ ಬ್ಯಾಂಡ್‌ವಿಡ್ತ್ ಕೇಳುತ್ತದೆ, ಅಂದರೆ ಜಾಸ್ತಿ ಕರೆಂಟ್. ಸ್ಯಾಲೆನ್-ಕೀ ಹಾಕಿ, ಎಡಿಸಿ ಮುಂದೆ ಒಂದು ಬರಿ ಆರ್‌ಸಿ ಇಡಿ. ನನ್ನ ಓಟು ಇದಕ್ಕೆ.

50 ಹರ್ಟ್ಸ್ ನಾಚ್ ಬೇಕಾ?

ಬೇಡ. ಮುಂಬೈ ಲೋಕಲ್‌ನ ಪ್ಲಾಟ್‌ಫಾರ್ಮ್‌ನಲ್ಲಿ ತಲೆ ಮೇಲೆ 25,000 ವೋಲ್ಟ್‌ನ 50 ಹರ್ಟ್ಸ್ ತಂತಿ ಇರುತ್ತದೆ, ನಿಜ. ಆದರೂ ಆ ಒಂದು ಫ್ರೀಕ್ವೆನ್ಸಿಯನ್ನು ಕೊರೆದು ತೆಗೆಯುವ ನಾಚ್ ಎಂದು ಅನಲಾಗ್ ಟ್ವಿನ್-ಟಿ ಸರ್ಕ್ಯೂಟ್ ಹಾಕಬೇಡಿ. 31.8 ಕಿಲೋಓಮ್, 100 ನ್ಯಾನೋಫ್ಯಾರಡ್ ಲೆಕ್ಕದಲ್ಲಿ ಕಟ್ಟಿದ ಸಾದಾ ಟ್ವಿನ್-ಟಿಯ ಕ್ಯೂ ಬರೀ 0.25. ಅದು ಸುಮಾರು 12ರಿಂದ 212 ಹರ್ಟ್ಸ್‌ವರೆಗೆ ಎಲ್ಲವನ್ನೂ 3 ಡಿಬಿಗಿಂತ ಜಾಸ್ತಿ ತಗ್ಗಿಸುತ್ತದೆ. ಇಸಿಜಿಯ ಕ್ಯೂಆರ್‌ಎಸ್ ಎಂಬ ಚೂಪು ಅಲೆಯ ಬಹುಭಾಗ ಅಲ್ಲೇ ಇರುವುದು, ಅಲ್ವಾ? ಫೀಡ್‌ಬ್ಯಾಕ್ ಕೊಟ್ಟು ಕ್ಯೂ ಏರಿಸಿದರೆ ಕ್ಯೂಆರ್‌ಎಸ್ ಹಿಂದೆಯೇ ಸಣ್ಣ ಅಲೆಗಳು ಏಳುತ್ತವೆ, ಮತ್ತು ಬಿಡಿಭಾಗ 1 ಪರ್ಸೆಂಟ್ ತಪ್ಪಿದರೂ ನಾಚ್ ಬೇರೆ ಕಡೆ ಸರಿಯುತ್ತದೆ. ಅದೇ ಆಪ್‌ಆಂಪನ್ನು ಬಲಗಾಲಿನ ಡ್ರೈವ್‌ಗೆ ಬಳಸಿ. ಮೈಯ ಮೇಲಿನ ಕಾಮನ್ ಮೋಡ್ ವೋಲ್ಟೇಜನ್ನು, ಅಂದರೆ ಎಲ್ಲ ಎಲೆಕ್ಟ್ರೋಡ್‌ಗೂ ಒಂದೇ ಥರ ಬರುವುದನ್ನು, ಅದು ತಲೆಕೆಳಗು ಮಾಡಿ ಮೈಗೇ ಕೊಟ್ಟು ಮೂಲದಲ್ಲೇ ತಗ್ಗಿಸುತ್ತದೆ. ಉಳಿದ ಚೂರುಪಾರು ಸಾಫ್ಟ್‌ವೇರ್‌ಗೆ.

ಬಲಗಾಲಿನ ಡ್ರೈವ್‌ಗೂ, ಪ್ರತಿ ಎಲೆಕ್ಟ್ರೋಡ್‌ಗೂ ಸರಣಿಯಲ್ಲಿ 100 ಕಿಲೋಓಮ್‌ಗಿಂತ ಕಡಿಮೆ ಇಲ್ಲದ ರೆಸಿಸ್ಟರ್ ಕಡ್ಡಾಯ. ಮನುಷ್ಯರ ಮೈಗೆ ಜೋಡಿಸಿದಾಗ ಬ್ಯಾಟರಿ ಮಾತ್ರ. ಲ್ಯಾಪ್‌ಟಾಪ್‌ನ ಚಾರ್ಜರ್ ಕಿತ್ತು ಪಕ್ಕಕ್ಕಿಡಿ. ಇದರಲ್ಲಿ ರಾಜಿ ಬೇಡ.

ಚಿಪ್ಪಿನ ಒಳಗೆ ಹೋದರೆ

ಬೋರ್ಡಿನ ಮೇಲೆ ಮೈಕ್ರೋಫ್ಯಾರಡ್ ಸಿಗುತ್ತದೆ. ಚಿಪ್ಪಿನಲ್ಲಿ 10 ಪಿಕೋಫ್ಯಾರಡ್ ಸಿಕ್ಕರೆ ಪುಣ್ಯ. ಅದರಿಂದ 0.05 ಹರ್ಟ್ಸ್ ಮಾಡಬೇಕಾದರೆ 318 ಗಿಗಾಓಮ್ ಬೇಕು. ಅಂಥ ರೆಸಿಸ್ಟರ್ ಎಲ್ಲಿಂದ ತರುವುದು?

ಹೈ ಪಾಸ್‌ಗೆ ಸೂಡೋ-ರೆಸಿಸ್ಟರ್. ಡಯೋಡ್ ಥರ ಜೋಡಿಸಿದ ಟ್ರಾನ್ಸಿಸ್ಟರ್ ತನ್ನ ಎರಡು ತುದಿಗಳ ನಡುವೆ ವೋಲ್ಟೇಜ್ ಹೆಚ್ಚುಕಡಿಮೆ ಶೂನ್ಯ ಇದ್ದಾಗ ಅಷ್ಟು ದೊಡ್ಡ ರೆಸಿಸ್ಟೆನ್ಸ್ ತೋರಿಸುತ್ತದೆ. 2003ರಲ್ಲಿ ಹ್ಯಾರಿಸನ್ ಮತ್ತು ಚಾರ್ಲ್ಸ್ ಪ್ರಕಟಿಸಿದ ನರ ಸಿಗ್ನಲ್‌ನ ಆಂಪ್ಲಿಫೈಯರ್ ಇದನ್ನು ಮನೆಮಾತಾಗಿಸಿತು: 0.025 ಹರ್ಟ್ಸ್‌ನಿಂದ 7.2 ಕಿಲೋಹರ್ಟ್ಸ್, 2.2 ಮೈಕ್ರೋವೋಲ್ಟ್ ನಾಯ್ಸ್, 80 ಮೈಕ್ರೋವಾಟ್. ಜಾಗ ಕಡಿಮೆ, ಕರೆಂಟ್ ಇಲ್ಲವೇ ಇಲ್ಲ. ಆದರೆ ಅದರ ರೆಸಿಸ್ಟೆನ್ಸ್ ಇಷ್ಟೇ ಎಂದು ನಂಬುವ ಹಾಗಿಲ್ಲ. ತಯಾರಿಕೆ, ಬಿಸಿ, ಬೆಳಕು, ಸಿಗ್ನಲ್‌ನ ಗಾತ್ರ ಯಾವುದು ಬದಲಾದರೂ ಕಟ್‌ಆಫ್ ಹಲವು ಪಟ್ಟು ಸರಿಯುತ್ತದೆ. ಡಿಸಿ ತಡೆಯುವುದಷ್ಟೇ ಕೆಲಸ ಆದರೆ ಸರಿ. ಎಸ್‌ಟಿ ಅಳೆಯುವ ಇಸಿಜಿಗೆ ನಾನು ಇದನ್ನು ಒಪ್ಪುವುದಿಲ್ಲ.

ಲೋ ಪಾಸ್‌ಗೆ ಜಿಎಂ-ಸಿ ಮತ್ತು ಸ್ವಿಚ್ಡ್ ಕೆಪಾಸಿಟರ್ ನಡುವೆ ಪೈಪೋಟಿ. ರೆಸಿಸ್ಟರ್‌ನ ಕೆಲಸವನ್ನು ಮೊದಲನೆಯದರಲ್ಲಿ ವೋಲ್ಟೇಜನ್ನು ಕರೆಂಟಾಗಿಸುವ ಟ್ರಾನ್ಸಿಸ್ಟರ್ ಮಾಡುತ್ತದೆ (ಜಿಎಂ ಅಂದರೆ ಆ ಬದಲಾವಣೆಯ ಪ್ರಮಾಣ), ಎರಡನೆಯದರಲ್ಲಿ ಕ್ಲಾಕ್‌ಗೆ ತಕ್ಕಂತೆ ಸ್ವಿಚ್ ಆಗುವ ಸಣ್ಣ ಕೆಪಾಸಿಟರ್. ಜಿಎಂ-ಸಿಯಲ್ಲಿ 10 ಪಿಕೋಫ್ಯಾರಡ್, 150 ಹರ್ಟ್ಸ್‌ಗೆ ಬೇಕಾದ ಜಿಎಂ 9.4 ನ್ಯಾನೋಸೀಮೆನ್ಸ್. ಟ್ರಾನ್ಸಿಸ್ಟರನ್ನು ಸಬ್‌ಥ್ರೆಶೋಲ್ಡ್‌ನಲ್ಲಿ (ಪೂರ್ತಿ ಆನ್ ಆಗುವ ಮಟ್ಟಕ್ಕಿಂತ ಕೆಳಗೆ) ಓಡಿಸಿದರೆ ಒಂದೊಂದಕ್ಕೆ 0.3 ನ್ಯಾನೋಆಂಪ್ ಸಾಕು. ಈ ಅಂಕಿ ನೋಡಿದಾಗ ಖುಷಿಯಾಗುತ್ತದೆ. ಆದರೆ ಸಾದಾ ಡಿಫರೆನ್ಶಿಯಲ್ ಜೋಡಿ ಸುಮಾರು 20 ಮಿಲಿವೋಲ್ಟ್ ದಾಟಿದರೆ 1 ಪರ್ಸೆಂಟ್ ವಿಕಾರ ಶುರು. ಕೆಳಗಡೆ 10 ಪಿಕೋಫ್ಯಾರಡ್‌ನ ಕೆಟಿ ಬೈ ಸಿ ನಾಯ್ಸ್ (ಉಷ್ಣತೆಯಿಂದ ಕೆಪಾಸಿಟರ್ ಮೇಲೆ ಕೂರುವ ನಾಯ್ಸ್) 20 ಮೈಕ್ರೋವೋಲ್ಟ್ ಕೂತಿದೆ. ಫಿಲ್ಟರ್‌ಗೆ ಮುಂಚೆ ಇಸಿಜಿಗೆ 100 ಪಟ್ಟು ಗೇನ್ ಕೊಟ್ಟರೆ ವಿಕಾರ, ಕಮ್ಮಿ ಕೊಟ್ಟರೆ ನಾಯ್ಸ್. 20 ಪಟ್ಟಿಗೆ ನಿಲ್ಲಿಸಿದರೆ 1 ಮಿಲಿವೋಲ್ಟ್ ಸಿಗ್ನಲ್ 20 ಮಿಲಿವೋಲ್ಟ್‌ಗೆ ಬಂದು, ನಾಯ್ಸ್ ಇನ್‌ಪುಟ್ ಲೆಕ್ಕದಲ್ಲಿ 1 ಮೈಕ್ರೋವೋಲ್ಟ್ ಆಗುತ್ತದೆ. ಅದಕ್ಕಿಂತ ದೊಡ್ಡ ಸಿಗ್ನಲ್ ಬೇಕಾದರೆ ಸೋರ್ಸ್ ಡಿಜೆನರೇಶನ್ ಅಥವಾ ಬಲ್ಕ್-ಡ್ರಿವನ್ ಇನ್‌ಪುಟ್ ಎಂಬ ಟ್ರಾನ್ಸಿಸ್ಟರ್ ಜೋಡಣೆ ಮಾಡಿ ಹರವು ಹಿಗ್ಗಿಸಬೇಕು. ಜಿಎಂ ಬಿಸಿಯ ಜೊತೆ ಸರಿಯುವುದಕ್ಕೆ ಪಿಟ್ಯಾಟ್ ಬಯಾಸ್ (ಉಷ್ಣತೆ ಏರಿದಂತೆ ತಾನೂ ಏರುವ ಕರೆಂಟ್) ಇದೆ. ಮೈಯೊಳಗೆ ಕೂರುವ ಸಾಧನದಲ್ಲಂತೂ ಉಷ್ಣತೆ 37 ಡಿಗ್ರಿ ಆಸುಪಾಸಿನಲ್ಲೇ ಇರುತ್ತದೆ.

ಸ್ವಿಚ್ಡ್ ಕೆಪಾಸಿಟರ್‌ನಲ್ಲಿ 0.1 ಪಿಕೋಫ್ಯಾರಡನ್ನು 1 ಕಿಲೋಹರ್ಟ್ಸ್‌ನಲ್ಲಿ ಆಡಿಸಿದರೆ 10 ಗಿಗಾಓಮ್. ಕಟ್‌ಆಫ್ ಕೆಪಾಸಿಟರ್‌ಗಳ ಅನುಪಾತ ಮತ್ತು ಕ್ಲಾಕ್ ಮೇಲೆ ನಿಂತಿರುವುದರಿಂದ ಕರಾರುವಾಕ್ಕಾಗಿ ಬರುತ್ತದೆ. ಕ್ಲಾಕ್ ನಿಧಾನ ಮಾಡಿದರೆ ಸ್ವಿಚ್ ಸೋರುತ್ತದೆ, ಜೋರು ಮಾಡಿದರೆ ಆಂಪ್ಲಿಫೈಯರ್ ಬೇಗ ನೆಲೆಗೊಳ್ಳಬೇಕಾಗಿ ಕರೆಂಟ್ ಏರುತ್ತದೆ, ಮತ್ತು ಇದಕ್ಕೂ ಮುಂಚೆ ಏಲಿಯಾಸಿಂಗ್ ತಡೆಯುವ ಒಂದು ಫಿಲ್ಟರ್ ಬೇಕು. ಕಟ್‌ಆಫ್ ನಿಖರವಾಗಿರಬೇಕು, ಚಿಪ್ಪಿನಲ್ಲಿ ಕ್ಲಾಕ್ ಹೇಗೂ ಇದೆ ಅನ್ನುವಾಗ ಇದನ್ನು ಆರಿಸಿ. ಬರೀ ಕರೆಂಟ್ ಉಳಿಸುವುದೇ ಗುರಿ ಆದರೆ ಜಿಎಂ-ಸಿ.

ಎಷ್ಟು ಕರೆಂಟ್ ಉಳಿಸಿದರೆ ಅರ್ಥ ಇದೆ

ಪೇಸ್‌ಮೇಕರ್ ಥರದ ಸಾಧನಕ್ಕೆ 1 ಆಂಪಿಯರ್-ಅವರ್ ಬ್ಯಾಟರಿ ಕೊಟ್ಟು ಹತ್ತು ವರ್ಷ ಓಡು ಅಂದರೆ, ಇಡೀ ಸಾಧನಕ್ಕೆ ಸಿಗುವುದು ಸರಾಸರಿ 11.4 ಮೈಕ್ರೋಆಂಪ್. ಅಲ್ಲಿ ಫಿಲ್ಟರ್ ನ್ಯಾನೋಆಂಪ್‌ನಲ್ಲೇ ಬದುಕಬೇಕು. ಎದೆಗೆ ಅಂಟಿಸುವ ಪ್ಯಾಚ್‌ನ ಲೆಕ್ಕ ಬೇರೆ. ಸಿಆರ್2032 ಸೆಲ್ ಸುಮಾರು 225 ಮಿಲಿಆಂಪ್-ಅವರ್. 170 ಮೈಕ್ರೋಆಂಪ್‌ನ ಎಡಿ8232 ಒಂದನ್ನೇ ಓಡಿಸಿದರೆ ಐವತ್ತು ದಿನ ದಾಟುತ್ತದೆ. ಬ್ಲೂಟೂತ್ ರೇಡಿಯೋ ಮಾತಾಡುವ ಹೊತ್ತಿನಲ್ಲಿ ಹಲವು ಮಿಲಿಆಂಪ್ ಎಳೆಯುತ್ತದೆ. ಅಂಥ ಸಾಧನದಲ್ಲಿ ಫಿಲ್ಟರ್‌ನ 2 ಮೈಕ್ರೋಆಂಪ್‌ಗೆ ತಲೆಕೆಡಿಸಿಕೊಳ್ಳುವ ಬದಲು, ಡೇಟಾವನ್ನು ಒಟ್ಟುಮಾಡಿ ಅಪರೂಪಕ್ಕೆ ಕಳಿಸುವುದನ್ನು ಯೋಚಿಸಿ.

ಅಳೆಯುವಾಗ

ಕಟ್ಟಿದ್ದು ಸರಿಯಿದೆಯಾ ಎಂದು ನೋಡಲು ಮೈಗೆ ಹಚ್ಚುವ ಮೊದಲು ಸಿಗ್ನಲ್ ಜನರೇಟರ್ ಬಳಸಿ. 1 ವೋಲ್ಟನ್ನು 1 ಮೆಗಾಓಮ್, 1 ಕಿಲೋಓಮ್ ಡಿವೈಡರ್‌ಗೆ ಕೊಟ್ಟರೆ 1 ಮಿಲಿವೋಲ್ಟ್ ಕೈಗೆ ಬರುತ್ತದೆ. ಆಸಿಲೋಸ್ಕೋಪನ್ನು ಡಿಸಿ ಕಪ್ಲಿಂಗ್‌ನಲ್ಲೇ ಇಡಿ, ಎಸಿ ಕಪ್ಲಿಂಗ್ ಅಂದರೆ ಸ್ಕೋಪಿನ ಒಳಗೇ ಇರುವ ಇನ್ನೊಂದು ಹೈ ಪಾಸ್. ಹಾಗೇ ಪ್ರೋಬನ್ನು 3.3 ಮೆಗಾಓಮ್ ನೋಡ್‌ಗೆ ನೇರ ಚುಚ್ಚಬೇಡಿ. ಪ್ರೋಬಿನ 10 ಮೆಗಾಓಮ್ ಪಕ್ಕದಲ್ಲಿ ಸೇರಿ 2.48 ಮೆಗಾಓಮ್ ಆಗುತ್ತದೆ, 0.048 ಇದ್ದ ಕಟ್‌ಆಫ್ 0.064ಕ್ಕೆ ಏರುತ್ತದೆ. ಆ ನೋಡ್‌ನ ಮುಂದಿನ ಆಪ್‌ಆಂಪ್‌ನ ಔಟ್‌ಪುಟ್‌ನಲ್ಲಿ ಅಳೆಯಿರಿ, ಮತ್ತು ಪ್ರತಿ ಫ್ರೀಕ್ವೆನ್ಸಿ ಬದಲಿಸಿದ ಮೇಲೆ ಹದಿನೈದಿಪ್ಪತ್ತು ಸೆಕೆಂಡ್ ಕಾದು ಆಮೇಲೆ ಬರೆದುಕೊಳ್ಳಿ.